ಉಳಿದ ನೀರು

ನಿನ್ನೆ ರಾತ್ರಿ ಹತ್ತರಿಂದ ಒಂದು ಗುಟುಕೂ ಇಲ್ಲ.
ಬೆಳಿಗ್ಗೆ ಸೋಡಾ ಗುಳಿಗೆ, ನುಂಗುವಷ್ಟೇ ನೀರು.
ಕುರ್ಲಾದಿಂದ ಪರೇಲಿಗೆ ಲೋಕಲ್ಲಿನ ಬಾಗಿಲಲ್ಲಿ ನಿಂತೇ ಬಂದೆ,
ಗಾಳಿಯನ್ನಾದರೂ ಕುಡಿಯೋಣವೆಂದು.
ಕಸ್ತೂರಿಯ ಚೀಲದಲ್ಲಿ ತುಂಬಿದ ಬಾಟಲಿ.
ಅವಳೂ ಮುಚ್ಚಳ ತೆಗೆದಿಲ್ಲ, ಏನೂ ಹೇಳದೆ.

ಸಿಸ್ಟರ್ ಪರಬ್ ಪರದೆ ಎಳೆದರು.
ನಳಿಗೆ ಒಳಗೆ ಹೋಗುವಾಗ ಫ್ಯಾನಿನ ರೆಕ್ಕೆ ಎಣಿಸುತ್ತೇನೆ.
ಮೂರೇ ಇವೆ, ಬೇಗ ಮುಗಿಯುತ್ತವೆ, ಮತ್ತೆ ಮೊದಲಿಂದ.
ಚೀಲ ಪೂರ್ತಿ ಬರಿದಾಯಿತು ಅಂದರು.
ಆಮೇಲೆ ಔಷಧಿ ಬಂತು.
ನೇರಳೆ.

ನಾಲ್ಕು ವಾರದಿಂದ ನೋಡುತ್ತಿದ್ದರೂ ಕಣ್ಣು ಮತ್ತೆ ಅಲ್ಲಿಗೇ.
ಬಣ್ಣದ ಬಾನಿಯಲ್ಲಿ ಆಯುಷ್ಯ ಕಳೆದವನಿಗೆ
ಆ ಒಂದರಲ್ಲೇ ಮೂರು ಕಾಣುತ್ತವೆ:
ಮೇಲೆ ನೀಲಿ, ನಡುವೆ ಬದನೆಕಾಯಿ,
ಅಂಚಿನಲ್ಲಿ ಯಾರೋ ಕೆಂಪು ಸೋರಿಸಿದಂತೆ.

ಡಾಕ್ಟರ್ ಭರೂಚಾ ಹಾಳೆಯ ಮೇಲೆ ಗೀಟೆಳೆದು ತೋರಿಸಿದ್ದರು:
ಮೂತ್ರಚೀಲದ ಒಳಗೋಡೆಗೆ ಕೊಡೆಯಂಥ ಕೋಶಗಳು,
ಒಂದಕ್ಕೊಂದು ಅಂಟಿ ನಿಂತು ಏನನ್ನೂ ಒಳಗೆ ಬಿಡವು.
"ಹೊಲಸು ಮತ್ತೆ ರಕ್ತಕ್ಕೆ ಸೋರಬಾರದಲ್ಲ, ಅದಕ್ಕೆ.
ಒಳ್ಳೆಯ ಗೋಡೆ. ನಮಗೆ ಮಾತ್ರ ಕಷ್ಟ."
ಹಾಕಿದ ಔಷಧಿ ಗೋಡೆಯ ಮೈ ಸವರಿ
ಬಂದ ದಾರಿಯಲ್ಲೇ ಹೊರಟುಹೋಗುತ್ತದಂತೆ.
ಅದಕ್ಕೇ ಬಾಯಾರಿಕೆ, ಅದಕ್ಕೇ ಸೋಡಾ,
ಅದಕ್ಕೇ ಇವತ್ತು ಈ ಹೊಸ ಯಂತ್ರ,
ನಲವತ್ತಮೂರು ಡಿಗ್ರಿಗೆ ಕಾಯಿಸಿ ಕಾಯಿಸಿ ಸುತ್ತಿಸುವುದು.

ನನಗೆ ನಗು ಬಂತು. ಡಾಕ್ಟರ್ ಬೇಸರಿಸಲಿಲ್ಲ.
ಇದೆಲ್ಲ ಗೊತ್ತು ತಾಯಿ,
ಹದಿನಾರನೇ ವಯಸ್ಸಿಗೇ ಗೊತ್ತಿತ್ತು.

ಮೀಠಿ ನದಿಯ ಬದಿ ತಗಡಿನ ಶೆಡ್ಡು.
ನಾವು ಅದ್ದಿದ ಬಣ್ಣವೇ ಆ ದಿನದ ನದಿಯ ಬಣ್ಣ.
ದಸ್ತಗೀರ ಮಾಮಾ, ಗುಳೇದಗುಡ್ಡದ ಕಡೆಯವರು,
ಹಬೆಯಲ್ಲಿ ಅರ್ಧ ಮುಖ ಕಳೆದುಕೊಂಡು:
"ಬಣ್ಣ ಹಾಕೂದೇನ ದೊಡ್ಡದಲ್ಲೋ ತಮ್ಮಾ,
ಹಾಕಿದ್ದು ಹಿಡೀಬೇಕು.
ನೀರು ಹೆಚ್ಚಾತೋ, ತೆಳ್ಳಗಾತು.
ಸೋಡಾ ಕಡಿಮಿ ಆತೋ, ತೊಳದಾಗ ಹೋತು.
ಉರಿ ನೋಡಕೋತ ಇರು. ತಿರುವೂದು ನಿಲ್ಲಸಬ್ಯಾಡ,
ಒಂದ ಮಗ್ಗಲಾ ಬಿದ್ದ ಅರಿವಿಗೆ ಕಲಿ ಬೀಳತೈತಿ."

ಮೊದಲ ನಾಲ್ಕು ವಾರ ಯಂತ್ರವಿರಲಿಲ್ಲ, ನಾನೇ ಅರಿವೆ.
ಹದಿನೈದು ನಿಮಿಷ ಎಡಕ್ಕೆ, ಹದಿನೈದು ಬಲಕ್ಕೆ,
ಬೋರಲು, ಅಂಗಾತ.
ಇವತ್ತು ಸುಮ್ಮನೆ ಮಲಗಿ ಎಂದರೂ
ಮೈ ತಾನೇ ಹೊರಳಲು ನೋಡುತ್ತದೆ.

ಮಾಮಾ ಒಂದನ್ನು ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.
ಬರಿಗೈಯಲ್ಲಿ ಕಲಸಿದ ಆ ಕೆಂಪು,
ಊಟದ ಡಬ್ಬಿಯ ಮುಚ್ಚಳದ ಮೇಲೆ ಕೂತ ಪುಡಿ,
ನಮ್ಮೊಳಗೆ ಇಳಿಯಲು ಸೋಡಾ ಕೇಳಲಿಲ್ಲ, ಉರಿ ಕೇಳಲಿಲ್ಲ,
ಹೊತ್ತಿಗೆ ಸರಿಯಾಗಿ ಉಂಡೆಯಾ ಎಂದೂ ಕೇಳಲಿಲ್ಲ.
ಕೊಡೆಗಳೆಲ್ಲ ಎಲ್ಲಿದ್ದವು ಆಗ?
ಮೂವತ್ತು ಮಳೆಗಾಲ ಕಾದು ಒಂದು ಬೆಳಿಗ್ಗೆ
ಮೋರಿಯಲ್ಲಿ ಕೆಂಪು ಕಂಡಿತು, ನೋವೇ ಇಲ್ಲದೆ.
ನಾಚಿಕೆಯ ಮಾತು, ಆದರೂ ಹೇಳುತ್ತೇನೆ,
ಮೊದಲು ಮನಸ್ಸಿಗೆ ಬಂದದ್ದು:
ಎಂಥ ಪಕ್ಕಾ ಬಣ್ಣ.

ಗಂಟೆಯಾಯಿತು. ನಳಿಗೆ ತೆಗೆದರು.
ಕೂತೇ ಹೋಗಬೇಕು, ಸಿಡಿಯಬಾರದು,
ಆಮೇಲೆ ಬ್ಲೀಚು, ಮುಚ್ಚಳ, ಎರಡು ಸಲ ಫ್ಲಶ್ಶು.

ಮಾಮಾ ಬಾನಿಯಲ್ಲಿ ಉಳಿದ ನೀರನ್ನು
ಚಹಾದ ಗಾಜಿನ ಲೋಟದಲ್ಲಿ ಮೊಗೆದು ಕಿಟಕಿಗೆ ಹಿಡಿಯುತ್ತಿದ್ದರು.
ತಿಳಿಯಾಗಿದ್ದರೆ ಅರಿವೆ ಕುಡಿದಿದೆ.
ಗಾಢವಾಗಿದ್ದರೆ ದಿನದ ಕೂಲಿ ನದಿಗೆ.

ಮುಚ್ಚಳ ಹಾಕದೆ ಬಗ್ಗಿ ನೋಡುತ್ತೇನೆ.
ಹೋದಾಗಿನಷ್ಟು ಗಾಢವಿಲ್ಲ.
ಇಲ್ಲ ಅನ್ನಿಸುತ್ತದೆ.
ನನ್ನದೇ ನೀರು ಬೆರೆತು ಹೀಗೆ ಕಂಡರೆ?
ಟ್ಯೂಬ್‌ಲೈಟನ್ನು ನಂಬಬೇಡ ಎಂದೂ ಮಾಮಾ ಹೇಳಿದ್ದರು,
ಬಣ್ಣವನ್ನು ಹಗಲಲ್ಲೇ ನೋಡಬೇಕು.
ಇಲ್ಲಿ ಕಿಟಕಿಯಿಲ್ಲ.

"ಕಾಕಾ, ಝಾಲಂ ಕಾ?" ಹೊರಗಿಂದ ಸಿಸ್ಟರ್.
ಅವರ ಹಿಂದೆಲ್ಲೋ ಕಸ್ತೂರಿ
ಬಾಟಲಿಯ ಮುಚ್ಚಳ ತಿರುಗಿಸುವ ಸದ್ದು.

ಒಂದು ನಿಮಿಷ, ಅಂದೆ.